ಕೊಟ್ರಮ್ಮನ ಬಳೆ, ಮರಿಬಸಪ್ಪನ ಹೆಬ್ಬೆರಳು

"ಮರಿಬಸಪ್ಪ ನಾಳೆ ಕೈಲಾಸಕ್ಕ ಹೋದ ಅಂತ ತಿಳೀರಿ. ಬಾಗಲದಾಗ ನಿಂತು ಒಂದು ಮೋಡ ಕಿತ್ತು, ಎರಡೂ ಕೈಯಾಗ ಹಿಡದು ಎಳದು ನೋಡಿ, 'ಎಳಿ ಗಿಡ್ಡ ಐತಿ, ಪಸಿ ಭಾಳ ಐತಿ, ಒಣಗಿಸಿ ತರ್ರಿ' ಅಂತಾನ. ಶಿವನೂ ಒಣಗಸಾಕ ಹಾಕಬೇಕ!"

ಆದೋನಿಯಲ್ಲಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯವರು ಹೀಗೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೆಲ್ಲ ಮುಂದಾಳು ಎದುರುಮನೆಯ ದಸ್ತಗಿರಮ್ಮ. ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುತ್ತಿದ್ದ ಹೆಂಗಸು, ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಬದುಕಿದವಳು, ಬಾಯಿ ಮಾತ್ರ ನಾಲ್ಕು ಮಂದಿಯದು. ಮರಿಬಸಪ್ಪನ ಹೆಂಡತಿ ಕೊಟ್ರಮ್ಮ ಆ ಮಾತು ಕೇಳಿದಾಗಲೆಲ್ಲ ಹುಬ್ಬು ಗಂಟಿಕ್ಕಿ ಒಳಗೆ ಹೋಗುವಳು. ಹೋಗಿ, ಗೋಡೆಗೆ ಮುಖ ಮಾಡಿ ನಗುವಳು.

ನಗದೆ ಏನು ಮಾಡಿಯಾಳು? ಅವನ ಹುಚ್ಚಿಗೆ ಮೊದಲ ಸಾಕ್ಷಿ ಆಕೆಯೇ. ಮದ್ದಿಕೇರಿಯ ತವರುಮನೆಗೆ ಅವನು ಹೆಣ್ಣು ನೋಡಲು ಬಂದ ದಿನ, ಅಡಿಗೆಮನೆಯ ಬಾಗಿಲ ಸಂದಿಯಿಂದ ಆಕೆ ಇಣುಕಿದರೆ, ಆ ಮನುಷ್ಯ ತಲೆ ಬಗ್ಗಿಸಿಕೊಂಡು ಕೂತ ಹಾಸಿಗೆಯ ಹರಿದ ಹೊಲಿಗೆಯೊಳಗೆ ಬೆರಳು ತೂರಿಸಿ ಹತ್ತಿ ಹೊರಗೆಳೆಯುತ್ತಿದ್ದ. "ನನ್ನ ನೋಡಾಕ ಬಂದಾನೋ, ಹಾಸಿಗಿ ನೋಡಾಕ ಬಂದಾನೋ?" ಎಂದು ಆಕೆ ಅವ್ವನನ್ನು ಕೇಳಿದ್ದಳು. ಅವನು ಎದ್ದು ಹೋಗುವಾಗ ಆಕೆಯ ಅಪ್ಪನಿಗೆ ಹೇಳಿದ್ದು ಇಷ್ಟೇ: "ಹುಡುಗಿ ಒಪ್ಪಿಗಿ ಐತ್ರಿ. ಹತ್ತಿ ಮಾತ್ರ ನಿಮಗ ಯಾರೋ ಮೋಸ ಮಾಡ್ಯಾರ."

ಹತ್ತಿ ನೋಡುವುದೇ ಅವನ ಕಸುಬು. ಹತ್ತಿ ಮಾರುಕಟ್ಟೆಯ ಯಾರ್ಡಿಗೆ ದೇವನಕೊಂಡದಿಂದ, ಮಾಧವರದ ಕಡೆಯಿಂದ ಗಾಡಿ ತುಂಬ ಬೋರೆ, ಅಂದರೆ ದೊಡ್ಡ ಚೀಲ, ಬಂದು ಬಿದ್ದರೆ ಕೊಳ್ಳುವವರೂ ಮಾರುವವರೂ ಅವನ ಬೆರಳು ನೋಡುತ್ತ ನಿಲ್ಲುತ್ತಿದ್ದರು. ಬೋರೆಯ ಬಾಯಲ್ಲಿ ತೋರಿಕೆಗೆ ಇಟ್ಟ ಹತ್ತಿಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಮೊಳಕೈತನಕ ಕೈ ಇಳಿಸಿ ನಡುವಿನಿಂದ ಒಂದು ಚಿಟಿಕೆ ತೆಗೆಯುವನು. ಹೆಬ್ಬೆರಳು, ತೋರುಬೆರಳು, ಇವೆರಡರ ನಡುವೆ ಎಳೆದು, ಮಡಿಸಿ, ಮತ್ತೆ ಎಳೆದು, ಎಳೆಯ ಉದ್ದ, ಗಟ್ಟಿತನ, ಪಸೆ ಎಲ್ಲವನ್ನೂ ಮೂರು ಉಸಿರಿನಲ್ಲಿ ಹೇಳಿಬಿಡುವನು. ಹೇಳಿದ ಮೇಲೆ ಒಂದಿಷ್ಟೂ ಆಚೀಚೆ ಇಲ್ಲ. ಅವನದೇ ಮಾವ ಗಾಡಿ ಹೊಡೆದುಕೊಂಡು ಬಂದಾಗಲೂ "ಪಸಿ ಐತಿ ಮಾವ" ಎಂದು ಹತ್ತು ಜನರ ಎದುರು ಹೇಳಿ, ಮನೆಯಲ್ಲಿ ಎಂಟು ದಿನ ಬರೀ ಮಜ್ಜಿಗೆ ಅನ್ನ ಉಂಡವನು.

ಎರಡು ಸಾವಿರದ ಹದಿನಾರರ ಡಿಸೆಂಬರಿನಲ್ಲಿ, ಲಾರಿಯ ಮೇಲೇರಿ ಒಂದು ಬೋರೆಯ ನಡುವಿಗೆ ಕೈ ಹಾಕಿದ್ದಾಗ ಬೋರೆ ಜಾರಿತು. ಅದರ ಜೊತೆ ಅವನೂ ಜಾರಿದ. ಕೆಳಗೆ ಬಿದ್ದದ್ದು ಹತ್ತಿಯ ಮೇಲೆ ಅಲ್ಲ, ಹತ್ತಿ ಇಲ್ಲದ ಎರಡು ಗೇಣು ಜಾಗದ ಮೇಲೆ. ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಮೌಲಾಲಿ ಓಡಿ ಬಂದು ಎತ್ತಲು ಹೋದರೆ, "ಎತ್ತಬ್ಯಾಡೋ, ಕಾಲು ಎಲ್ಲದಾವ ಗೊತ್ತಾಗವಲ್ದು" ಎಂದ. ಆಗಲೂ ಅವನ ಬಲಗೈಯಲ್ಲಿ ಚಿಟಿಕೆ ಹತ್ತಿ ಇತ್ತು, ಅದೂ ಗೊತ್ತಾಗಿರಲಿಲ್ಲ.

ಕುತ್ತಿಗೆಯಲ್ಲಿ ಬೆನ್ನುಹುರಿ ಜಜ್ಜಿ ಹೋಗಿತ್ತು. ಕರ್ನೂಲು, ಆಮೇಲೆ ಬೆಂಗಳೂರು, ಏಳು ತಿಂಗಳ ಮೇಲೆ ಮನೆ. ಭುಜ ಆಡುತ್ತಿತ್ತು, ಮೊಳಕೈ ಮಡಚುತ್ತಿತ್ತು. ಅಲ್ಲಿಂದ ಕೆಳಗೆ ದೇಹ ಅವನದಾಗಿತ್ತೇ ಹೊರತು ಅವನ ಮಾತು ಕೇಳುತ್ತಿರಲಿಲ್ಲ. ಬೆರಳುಗಳು ಯಾರೋ ಮಡಿಲಲ್ಲಿ ಇಟ್ಟು ಮರೆತುಹೋದಂತೆ ಬಿದ್ದಿರುತ್ತಿದ್ದವು. ಮೊದಮೊದಲು ಜನ ಹತ್ತಿ ತಂದು ತೋರಿಸುತ್ತಿದ್ದರು. "ಕಣ್ಣಿಲೆ ನೋಡಿ ಹೇಳ್ರಿ ಸಾಕು" ಎನ್ನುವರು. "ಕಣ್ಣಿಲೆ ಹೇಳಿದ್ರ ಅದು ನನ್ನ ಮಾತಲ್ಲ, ಅಂದಾಜು. ಅಂದಾಜು ಹೇಳವ್ರು ಯಾರ್ಡ್ ತುಂಬ ಅದಾರ, ಹೋಗ್ರಿ" ಎಂದು ಕಳಿಸಿಬಿಟ್ಟ. ಆಮೇಲೆ ಯಾರೂ ಬರಲಿಲ್ಲ. ಅವನು ಒಂದು ದಿನವೂ ಕಾಲಿನ ಮಾತು ಎತ್ತಿ ಅಳಲಿಲ್ಲ. ಆದರೆ ಹತ್ತಿಯ ಸುಗ್ಗಿಯಲ್ಲಿ, ಲಾರಿಗಳು ಓಣಿಯ ತುದಿಯಲ್ಲಿ ಹಾದು ಹೋಗುವಾಗ, ಅವನ ಮುಖ ಗೋಡೆಯ ಕಡೆ ತಿರುಗುವುದನ್ನು ಕೊಟ್ರಮ್ಮ ಐದು ಸುಗ್ಗಿ ನೋಡಿದಳು.

ಐದು ವರ್ಷ ಆಕೆ ಅವನನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದಳು. ಬೆನ್ನಿನ ಗುಂಡಿಗೊಂದು, ಹಿಮ್ಮಡಿಗೊಂದು, ಸೊಂಟಕ್ಕೊಂದು ಎಂದು ಬೇರೆ ಬೇರೆ ಅಳತೆಯ ದಿಂಬು ಹೊಲಿದಳು. ಆ ದಿಂಬಿನ ಹತ್ತಿಯನ್ನೂ ಅವನು ಮಲಗಿದಲ್ಲಿಂದಲೇ ಒಪ್ಪಿಗೆ ಮಾಡಬೇಕಿತ್ತು. "ಇಂಥಾ ಗಂಡ ಎದ್ದು ಓಡ್ಯಾಡಿದ್ರ ನಾ ಏನು ಆಗತಿದ್ನೆ?" ಎಂದು ಆಕೆ ದಸ್ತಗಿರಮ್ಮನ ಮುಂದೆ ದೂರುವಳು. ಅಷ್ಟು ವರ್ಷದಲ್ಲಿ ಅವನ ಮೈ ಮೇಲೆ, ಮಲಗಿದಲ್ಲೇ ಇರುವವರಿಗೆ ಆಗುವ ಹುಣ್ಣು ಒಂದೂ ಏಳಲಿಲ್ಲ.

ಅದೇ ಕಾರಣಕ್ಕೆ ಆ ಫೋನು ಬಂತು. ಅವನು ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಿದ್ದ ಬೆಂಗಳೂರಿನ ಆಸ್ಪತ್ರೆಯಿಂದ ಹಾರಿಕಾ ಎಂಬ ಡಾಕ್ಟರು. ನಂದ್ಯಾಲದ ಕಡೆಯ ಹುಡುಗಿ, ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವಳು. ಬೆನ್ನುಹುರಿ ಪೆಟ್ಟಾದವರ ಮೇಲೆ ಸ್ಟೆಮ್ ಸೆಲ್ಲಿನ ಸಂಶೋಧನೆ ಮಾಡುತ್ತೇವೆ, ಮೈಯಲ್ಲಿ ಹುಣ್ಣಿಲ್ಲದವರನ್ನು ಮಾತ್ರ ಸೇರಿಸುತ್ತೇವೆ, ನೀವು ಬರುತ್ತೀರಾ ಎಂದು ಕೇಳಿದಳು. ಹೋದರು. ಆ ಹುಡುಗಿ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವಸರವಿಲ್ಲದೆ ಬಿಡಿಸಿ ಹೇಳಿದಳು.

"ಅಂಕುಲ್, ಇದು ಔಷಧಿ ಅಲ್ಲ, ಪರೀಕ್ಷೆ. ನಿಮ್ಮ ಸೊಂಟದ ಮೂಳೆಯಿಂದ ಮಜ್ಜೆ ತೆಗೀತೀವಿ. ಅದರಲ್ಲಿ ಕೆಲವು ಕಣ ಇರ್ತಾವೆ, ತಾವು ಏನಾಗಬೇಕು ಅಂತ ಇನ್ನೂ ತೀರ್ಮಾನ ಮಾಡಿರೋದಿಲ್ಲ ಅವು. ಅವನ್ನ ಬೆಳೆಸಿ ಬೆನ್ನೊಳಗೆ ಬಿಡ್ತೀವಿ. ಪೆಟ್ಟಾದ ಕಡೆ ಏನಾದರೂ ನೆರವಾಗ್ತಾವಾ ಅಂತ ನೋಡೋದು."

"ಹತ್ತಿ ಇದ್ದಂಗ," ಎಂದ ಮರಿಬಸಪ್ಪ. "ಗಿಡದಾಗ ಇರೂತನ ಅದಕ್ಕ ಗೊತ್ತಿಲ್ಲ, ಪಂಚೆ ಆಗತೀನೋ ಬತ್ತಿ ಆಗತೀನೋ ಅಂತ."

"ಕರೆಕ್ಟ್ ಅಂಕುಲ್! ಆದರೆ ಅರ್ಧ ಜನಕ್ಕೆ ಕಣ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರೋದಿಲ್ಲ, ನನಗೂ ಗೊತ್ತಿರೋದಿಲ್ಲ. ಎರಡು ವರ್ಷ ಆದಮೇಲೆ ಹೆಸರಿನ ಪಟ್ಟಿ ಬಿಚ್ಚೋದು."

ಕೊಟ್ರಮ್ಮನಿಗೆ ಇದು ಸರಿಬರಲಿಲ್ಲ. "ಉಪ್ಪುನೀರು ಹಾಕಾಕ ಆದೋನಿಂದ ಕರಸೀರೇನವ್ವಾ?" ಎಂದಳು. ಮರಿಬಸಪ್ಪನೇ ತಿರುಗಿ ಹೇಳಿದ: "ಸುಮ್ಮಿರ ಕೊಟ್ರಿ. ಪಕ್ಕದಾಗ ಬ್ಯಾರೆ ಹತ್ತಿ ಇಟ್ಟು ನೋಡದಿದ್ರ ಇದು ಚಲೋದಂತ ಹೆಂಗ ಹೇಳತಿ?"

ಹಾರಿಕಾ ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು: ನಿಮಗೆ ಏನು ವಾಪಸ್ ಬಂದರೆ ಸಾಕು? ಆ ವಾರ್ಡಿನಲ್ಲಿ ಎಲ್ಲರೂ ನಡಿಗೆ ಎಂದಿದ್ದರು. ಇವನು ಮೊಳಕೈ ಎತ್ತಿ, ಜೋತ ಬೆರಳುಗಳನ್ನು ಗದ್ದದಿಂದ ತೋರಿಸಿದ. "ಇವೆರಡು. ಹೆಬ್ಬೆಳ್ಳು, ಅದರ ಮಗ್ಗಲದ್ದು. ಉಳಿದದ್ದು ನೀವ ಇಟಗೊಳ್ರಿ."

ಹಾಗೆ ಅವನ ಬೆನ್ನೊಳಗೆ ಒಂದು ಸೂಜಿ ಇಳಿಯಿತು. ಕಣವೋ ನೀರೋ, ದೇವರಿಗೇ ಗೊತ್ತು. ಮನೆಗೆ ಬರುವಾಗ ಹಾರಿಕಾ ಲೆಕ್ಕ ಬರೆಯುವ ಒಂದು ಪುಸ್ತಕ ಕೊಟ್ಟಳು. ವಾರಕ್ಕೊಮ್ಮೆ ಅವನ ಕಣ್ಣಿಗೆ ಬಟ್ಟೆ ಕಟ್ಟಬೇಕು. ಒಂದೊಂದು ಬೆರಳಿಗೂ ಇಪ್ಪತ್ತು ಸರದಿ. ಹತ್ತು ಸಲ ಹತ್ತಿಯ ಎಳೆಯಿಂದ ಸವರಬೇಕು, ಹತ್ತು ಸಲ ಸುಮ್ಮನಿರಬೇಕು. ತಿಳಿದರೆ ಅವನು "ಹೂಂ" ಅನ್ನಬೇಕು, ಆಕೆ ಗುರುತು ಹಾಕಬೇಕು. ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆ ಅವರೇ ನೋಡುವರು. ನಡುವಿನ ಲೆಕ್ಕ ಕೊಟ್ರಮ್ಮನ ಕೈಯಲ್ಲಿ. ಇವನ ಬೆರಳನ್ನು ಹತ್ತಿಯಿಂದಲೇ ಕೇಳುತ್ತಾರೆ ಎಂದು ತಿಳಿದಾಗ ಮರಿಬಸಪ್ಪ ಮೊದಲ ಸಲ ಆಸ್ಪತ್ರೆಯಲ್ಲಿ ಗಟ್ಟಿಯಾಗಿ ನಕ್ಕ. "ಇಷ್ಟು ವರ್ಷ ನಾ ಹತ್ತಿ ಪರೀಕ್ಷೆ ಮಾಡಿದ್ನಿ, ಈಗ ಅದು ನನ್ನ ಮಾಡತೈತಿ."

ಮೊದಲ ನಾಲ್ಕು ತಿಂಗಳು ಒಂದೂ "ಹೂಂ" ಇಲ್ಲ. ಶ್ರಾವಣ ಬಂತು. ಕೊಟ್ರಮ್ಮ ಎಂದಿನಂತೆ, ಕೈಗೊಂದೇ ಉಳಿದಿದ್ದ ಹಳೆ ಬಳೆಯ ಜಾಗದಲ್ಲಿ, ಎರಡು ಕೈಗೂ ಹಸಿರು ಗಾಜಿನ ಬಳೆ ಡಜನ್ನುಗಟ್ಟಲೆ ಇಡಿಸಿಕೊಂಡು ಬಂದಳು. ಆ ಸೋಮವಾರ ಬಟ್ಟೆ ಕಟ್ಟಿ ಕೂತರೆ, ಹೆಬ್ಬೆರಳಿನ ಮೇಲೆ ಹತ್ತಿ ಇಟ್ಟದ್ದೇ ತಡ, "ಹೂಂ" ಎಂದ. ತೋರುಬೆರಳಿಗೂ "ಹೂಂ". ನಾಲ್ಕು ವಾರದಲ್ಲಿ ಎರಡು ಬೆರಳಿಗೂ ಹತ್ತರಲ್ಲಿ ಒಂಬತ್ತು ಸಲ! ಕೊಟ್ರಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಮೌಲಾಲಿ ಈಗ ಸ್ವಂತ ಟಾಟಾ ಏಸ್ ಓಡಿಸುತ್ತಿದ್ದ, ಅವನು ಬಂದು, "ಅಣ್ಣಾ, ಯಾರ್ಡಿಗೆ ಯಾವಾಗ ಕರಕೊಂಡು ಹೋಗ್ಲಿ? ಹಾರ ತರಲೇನು?" ಎಂದು ಮಂಚದ ಸುತ್ತ ಕುಣಿದ.

ಮರಿಬಸಪ್ಪ ಮಾತ್ರ ದಿನದಿಂದ ದಿನಕ್ಕೆ ಮಂಕಾದ. ಒಂದು ಬೆಳಿಗ್ಗೆ, ಆಕೆ ಅವನ ಗಡ್ಡ ಹೆರೆಯುತ್ತಿದ್ದಾಗ, ಹೇಳಿದ.

"ಕೊಟ್ರಿ, ಒಂದು ಮಾತು. ನನ್ನ ಬಾಯಾಗ ಹೂಂ ಮೊದಲು ಬರತೈತಿ. ಬೆಳ್ಳು ಆಮ್ಯಾಲ ವಿಚಾರ ಮಾಡತೈತಿ."

"ಅಂದ್ರ?"

"ಅಂದ್ರ, ನೀ ಕೈ ಚಾಚಿದಾಗ ನಿನ್ನ ಬಳಿ ಸಪ್ಪಳ ಆಗತೈತಿ. ಸುಮ್ಮನ ಕುಂತಾಗ ಆಗಂಗಿಲ್ಲ. ಬೆಳ್ಳಿಲೆ ಹೇಳತೀನೋ ಕಿವಿಲೆ ಹೇಳತೀನೋ, ನನಗ ತಿಳೀವಲ್ದು. ಒಂದು ಸಲ ಬಳಿ ತಗದಿಟ್ಟು ಮಾಡು."

ಕೊಟ್ರಮ್ಮನ ಕೈಯಲ್ಲಿದ್ದ ಬ್ಲೇಡು ನಿಂತಿತು. ಮದುವೆಯಾದಂದಿನಿಂದ ಆಕೆಯ ಕೈ ಒಂದು ಗಳಿಗೆ ಬರಿದಾಗಿದ್ದಿಲ್ಲ. ಬಳೆ ಇಡುವವಳು ಹೊಸದು ಇಡುವಾಗಲೂ ಹಳೆಯದೊಂದನ್ನು ಕೈಯಲ್ಲೇ ಉಳಿಸಿ, ಹೊಸದು ಏರಿದ ಮೇಲೆ ಅದನ್ನು ತೆಗೆಯುವಳು. ಅವನು ಬಿದ್ದ ದಿನ, ಕರ್ನೂಲಿನ ಆಸ್ಪತ್ರೆಯಲ್ಲಿ, ಸ್ಕ್ಯಾನಿನ ಕೋಣೆಗೆ ಬಳೆ ತೆಗೆದು ಬಾ ಎಂದಾಗ ಹೊರಗೇ ನಿಂತವಳು ಆಕೆ. ಗಂಡ ಇದ್ದಾಗ ಬೋಳು ಕೈ ಎಂದರೆ ಏನು ಎನ್ನುವುದನ್ನು ಹೇಳಲೂ ಬಾಯಿ ಬರಲಿಲ್ಲ.

"ಬಳಿ ಅಷ್ಟ ಯಾಕ್ರಿ, ತಾಳಿನೂ ತಗದಿಡ್ಲಾ? ಅದೂ ಸಪ್ಪಳ ಮಾಡತೈತಿ!" ಎಂದು ಅರ್ಧ ಗಡ್ಡ ಹಾಗೇ ಬಿಟ್ಟು ಎದ್ದುಹೋದಳು.

ಸಿಟ್ಟು ಬಳೆಯದಷ್ಟೇ ಅಲ್ಲ. ಆ ಒಂಬತ್ತು ಗುರುತುಗಳನ್ನು ಆಕೆ ದಿನಾ ಪುಸ್ತಕ ತೆರೆದು ಬೆರಳಿನಿಂದ ಸವರಿ ನೋಡುತ್ತಿದ್ದಳು. ಈ ಮನುಷ್ಯ ಅದನ್ನೂ ಎಳೆದು ನೋಡಿ ಗಿಡ್ಡ ಐತಿ ಎಂದುಬಿಟ್ಟರೆ? ಮೂರು ವಾರ ಮನೆಯಲ್ಲಿ ಪರೀಕ್ಷೆ ನಡೆಯಲಿಲ್ಲ. ದಸ್ತಗಿರಮ್ಮ ಸಂಗತಿ ತಿಳಿದು ಬಂದು, ತನ್ನ ಎರಡೂ ಕೈ ಮುಂದೆ ಚಾಚಿದಳು.

"ನನ್ನ ಕೈಯಾಗ ಏನೂ ಇಲ್ಲಕ್ಕ. ದೇವ್ರು ಬೋಳು ಮಾಡ್ಯಾನ, ಇದಕ್ಕಾರ ಉಪಯೋಗ ಆಗಲಿ. ನಾ ಸವರತೀನಿ ತಗೋ."

ಕೊಟ್ರಮ್ಮ ಆ ಕೈಗಳನ್ನು ನೋಡಿದಳು. ಕಣ್ಣು ತುಂಬಿ ಬಂತು, ಬಾಯಿ ಮಾತ್ರ, "ನನ್ನ ಗಂಡನ ಬೆಳ್ಳು ನೀ ಯಾಕ ಸವರತೀಯವ್ವ?" ಎಂದಿತು. ಇಬ್ಬರೂ ಅಳುತ್ತ ನಕ್ಕರು. ನಕ್ಕಾದ ಮೇಲೆ ಉಪಾಯ ಹೊಳೆದದ್ದು ದಸ್ತಗಿರಮ್ಮನಿಗೇ. ದಿಂಬಿನಿಂದ ಒಂದು ಹಿಡಿ ಹತ್ತಿ ಹಿರಿದು, ಕೊಟ್ರಮ್ಮನ ಒಂದೊಂದು ಬಳೆಯ ನಡುವೆಯೂ ತುರುಕಿ, ಮೇಲೆ ಒದ್ದೆ ಬಟ್ಟೆ ಬಿಗಿದು ಸುತ್ತಿದಳು. ಮಣಿಕಟ್ಟಿನಿಂದ ಮೊಳಕೈತನಕ ಮುರಿದ ಕೈಗೆ ಕಟ್ಟು ಹಾಕಿದಂತೆ. ಕೊಟ್ರಮ್ಮ ಕೈ ಕೊಡವಿದಳು, ಕುಣಿಸಿದಳು. ಸದ್ದಿಲ್ಲ.

ಅವನ ಕಣ್ಣಿಗೆ ಬಟ್ಟೆ ಕಟ್ಟಿದರು. ಕೊಟ್ರಮ್ಮ ತೋರುಬೆರಳಿಗೆ ಹತ್ತು ಸಲ ಹತ್ತಿ ಸವರಿದಳು. ಎರಡು "ಹೂಂ". ಸವರದೆ ಸುಮ್ಮನಿದ್ದಾಗಲೂ ಮೂರು "ಹೂಂ". ಹೆಬ್ಬೆರಳಿಗೆ ಬಂದಾಗ ಆಕೆಗೆ ಸವರುವ ಧೈರ್ಯವೇ ಇರಲಿಲ್ಲ. ಸವರಿದಳು. "ಹೂಂ." ಬಿಟ್ಟಳು, ಸುಮ್ಮನಿದ್ದ. ಸವರಿದಳು. "ಹೂಂ. ಉಗುರಿನ ಬಲಕ್ಕ ಐತಿ." ಹೌದು, ಬಲಕ್ಕೇ ಇತ್ತು. ಹತ್ತರಲ್ಲಿ ಎಂಟು.

ಬಟ್ಟೆ ಬಿಚ್ಚಿದಾಗ ಅವನು ಆಕೆಯ ಮುಖ ನೋಡಿಯೇ ತಿಳಿದುಕೊಂಡ. "ಒಂದು ಹೋತು, ಒಂದು ಐತಿ. ಹೌದಲ್ಲ?"

"ಹೂಂ," ಎಂದಳು ಈ ಸಲ ಕೊಟ್ರಮ್ಮ.

"ಫೋನ್ ಹಚ್ಚು ಆ ಹುಡುಗಿಗೆ."

"ಸಿಟ್ಟಾಗಿ ನಿಮ್ಮನ್ನ ತಗದು ಹಾಕಿದ್ರ?"

"ಹಾಕಲಿ. ಆ ನಾಕು ವಾರದ ಹೂಂ ಬೋರಿ ಬಾಯಿ ಮ್ಯಾಗಿನ ಹತ್ತಿ. ಅದನ್ನ ನೋಡಿ ಆಕಿ ಊರಿಗೆಲ್ಲ ದರ ಕಟ್ಟಿದ್ರ?"

ಕೊಟ್ರಮ್ಮನೇ ಹೇಳಬೇಕಾಯಿತು, ತಪ್ಪು ತನ್ನ ಕೈಯದಾದ್ದರಿಂದ. ಬಳೆ, ಶ್ರಾವಣ, ಒದ್ದೆ ಬಟ್ಟೆ ಎಲ್ಲವನ್ನೂ ತಡವರಿಸುತ್ತ ಹೇಳಿ ಮುಗಿಸಿದಳು. ಆ ಕಡೆ ಹಾರಿಕಾ ಬಿಕ್ಕಿದಂತೆ ಕೇಳಿತು, ಆಮೇಲೆ ನಕ್ಕಂತೆ. "ಅಮ್ಮಾ, ತಪ್ಪು ನಮ್ಮದು. ಆ ಪುಸ್ತಕ ಮಾಡಿದವರಲ್ಲಿ ನಾನೂ ಒಬ್ಬಳು, ನನಗೇ ಹೊಳೀಲಿಲ್ಲ. ಎಷ್ಟು ಮನೆಯಲ್ಲಿ ಎಷ್ಟು ಬಳೆ ಇದಾವೋ! ನಾಳೆನೇ ಎಲ್ಲರಿಗೂ ಹೇಳ್ತೀವಿ. ನೀವು ಆ ನಾಲ್ಕು ವಾರ ಅಡ್ಡಗೆರೆ ಹೊಡೀರಿ. ಹೆಬ್ಬೆರಳು ಬಿಡಬೇಡಿ, ಅಮ್ಮಾ."

ಹೆಬ್ಬೆರಳನ್ನು ಕೊಟ್ರಮ್ಮ ಬಿಡಲಿಲ್ಲ. ಆ ಸುಗ್ಗಿಯಲ್ಲಿ ಐದು ವರ್ಷದ ಮೇಲೆ ಅವನ ಮುಂದೆ ಹತ್ತಿ ಬಂತು. ಆಕೆ ಚಿಟಿಕೆ ತೆಗೆದು ಎಳೆದು, ಅವನ ಕಣ್ಣ ಮುಂದೆ ಹಿಡಿಯುವಳು. ಆಮೇಲೆ ಅವನ ಹೆಬ್ಬೆರಳಿನ ಮೇಲೆ ಮೆಲ್ಲಗೆ ಉಜ್ಜುವಳು. ಉದ್ದ ಆಕೆಯ ಬೆರಳಿನಿಂದ, ನಯ ಅವನ ಬೆರಳಿನಿಂದ. "ಇನ್ನೂ ಜೋರು ಎಳಿ." "ಎಳದರ ಹರೀತೈತ್ರಿ." "ಹರೀಲಿ, ಎಲ್ಲಿ ಹರೀತೈತಿ ಅಂತ ನೋಡೂದ ಕೆಲಸ." ಹೀಗೆ ಜಗಳಾಡುತ್ತ ಇಬ್ಬರೂ ಸೇರಿ ಒಬ್ಬ ಹತ್ತಿ ನೋಡುವವನಾದರು. ಆದರೆ ಅವನು ಪ್ರತಿ ಸಲವೂ ಹೇಳುತ್ತಿದ್ದ, ಮಾತು ನಮ್ಮಿಬ್ಬರದು, ನನ್ನೊಬ್ಬನದಲ್ಲ, ಎರಡನೇ ಬೆರಳು ಇನ್ನೂ ಬಂದಿಲ್ಲ ಎಂದು.

ಎರಡು ವರ್ಷ ತುಂಬಿ ಪಟ್ಟಿ ಬಿಚ್ಚಿದ ದಿನ ಹಾರಿಕಾ ತಾನೇ ಫೋನು ಮಾಡಿದಳು. ಸ್ಪೀಕರಿಗೆ ಹಾಕಿದರು. ದಸ್ತಗಿರಮ್ಮನೂ ಬಂದು ಕೂತಳು.

"ಅಂಕುಲ್, ನಿಮಗೆ ಬಂದಿದ್ದು ಉಪ್ಪುನೀರು."

ಕೊಟ್ರಮ್ಮ ಅವನ ಹೆಬ್ಬೆರಳನ್ನು ಹಿಡಿದುಕೊಂಡಳು, ಯಾರೋ ವಾಪಸು ಕೇಳಲು ಬಂದಂತೆ.

"ಹಂಗಾರ ಇದು ಎಲ್ಲಿಂದ ಬಂತವ್ವಾ?"

"ಗೊತ್ತಿಲ್ಲಮ್ಮಾ. ಒಮ್ಮೊಮ್ಮೆ ನರ ತಾನಾಗೇ ಒಂದಿಷ್ಟು ದಾರಿ ಮಾಡ್ಕೊಳ್ತದೆ. ನೀವು ವಾರ ವಾರ ಸವರಿದ್ದಕ್ಕೋ, ಬೇರೆದಕ್ಕೋ, ನಿಜವಾಗಲೂ ಗೊತ್ತಿಲ್ಲ. ಕಣ ಹಾಕಿಸ್ಕೊಂಡವರಲ್ಲೂ ಯಾರೂ ಎದ್ದು ನಡೆದಿಲ್ಲ. ಕೆಲವರಿಗೆ ಸ್ವಲ್ಪ ಸ್ಪರ್ಶ ಬಂದಿದೆ, ಕೆಲವರಿಗೆ ಇಲ್ಲ. ಒಂದು ಮಾತು ಹೇಳ್ತೀನಿ. ಆ ತೋರುಬೆರಳಿನಂಥ ಸುಳ್ಳು ಹೂಂ ಎಲ್ಲ ಮನೆಯ ಲೆಕ್ಕದಲ್ಲೂ ಉಳಿದಿದ್ದರೆ, ಉಪ್ಪುನೀರೂ ಕಣದಷ್ಟೇ ಕೆಲಸ ಮಾಡ್ತದೆ ಅಂತ ನಾವು ತಪ್ಪು ತಿಳೀತಿದ್ವಿ."

ಮರಿಬಸಪ್ಪನ ಹೊಟ್ಟೆ ಕುಣಿಯಲು ಶುರುವಾಯಿತು. ಅವನು ನಗುವುದು ಹಾಗೆಯೇ, ಸದ್ದಿಲ್ಲದೆ. "ಉಪ್ಪುನೀರಿನ ಹೆಬ್ಬೆಳ್ಳು! ಕೇಳಿದೇನು ದಸ್ತಗಿರಿ?"

"ಕೇಳಿದೆ ಮಾವ. ಉಪ್ಪಿನಕಾಯಿ ಮಾಡೂಣ ಬಿಡು."

ಹಾರಿಕಾ ಇನ್ನೊಂದನ್ನು ಹೇಳಿದಳು. ಉಪ್ಪುನೀರು ಬಂದವರಿಗೆ, ಬೇಕಾದರೆ, ಈಗ ಕಣ ಹಾಕುತ್ತೇವೆ. ಬೇಡ ಎಂದರೂ ಯಾಕೆಂದು ಯಾರೂ ಕೇಳುವುದಿಲ್ಲ. ನಿಮ್ಮ ಎದೆಯಲ್ಲಿ ಹೋದ ಚಳಿಗಾಲದಿಂದ ಕಫ ಇದೆ, ಪ್ರಯಾಣ ನಿಮಗೆ ಸುಲಭವಲ್ಲ, ಅದನ್ನು ಮುಚ್ಚಿಡುವುದಿಲ್ಲ. ಯೋಚಿಸಿ ಹೇಳಿ.

ಯೋಚಿಸಿದ್ದು ಕೊಟ್ರಮ್ಮ. ಇದ್ದದ್ದು ಸಾಕು ಎಂದು ಆಕೆಯ ಮನಸ್ಸು ಹೇಳಿತು. ಒಂದು ಹೆಬ್ಬೆರಳು, ತನ್ನ ಹತ್ತು ಬೆರಳು, ನಡುವೆ ಒಂದಿಷ್ಟು ಜಗಳ, ಇನ್ನೇನು ಬೇಕು? ಹಾಗೆಂದು ಹೇಳಿದಳು ಕೂಡ. ಅವನು ಆಕೆಯ ಕೈ ನೋಡಿದ.

"ನೀ ಚಲೋ ಎಳೀತಿ ಕೊಟ್ರಿ. ಸುಳ್ಳಲ್ಲ. ಆದ್ರ ಒಂದು ಸಲ, ಒಂದ ಒಂದು ಸಲ ನಾನ ಎಳದು ನೋಡಬೇಕು. ಬರದಿದ್ರ ಬರಲಿಲ್ಲ ಅಂತ ನನ್ನ ಬೆಳ್ಳ ಹೇಳಲಿ."

ಇನ್ನು ಮುಂದಿನದನ್ನು ಮೊದಲೇ ಹೇಳಿಬಿಡುವುದು ವಾಸಿ. ಅವನು ಬೆಂಗಳೂರಿನಿಂದ ಜೀವಂತ ತಿರುಗಿ ಬರಲಿಲ್ಲ. ಮಜ್ಜೆ ತೆಗೆದಿದ್ದರು, ಕಣ ಇನ್ನೂ ಬೆಳೆಯುತ್ತಿತ್ತು. ಅಷ್ಟರಲ್ಲಿ ಎದೆಯ ಕಫ ಜ್ವರವಾಗಿ, ಕುತ್ತಿಗೆ ಪೆಟ್ಟಾದವರಿಗೆ ಕೆಮ್ಮಲೂ ಬಲವಿರುವುದಿಲ್ಲವಲ್ಲ, ಹನ್ನೊಂದನೆಯ ದಿನ ಬೆಳಗಿನ ಜಾವ ಅವನು ಹೋದ. ಅವನನ್ನು ನೇರ ಊರ ಹೊರಗಿನ ಹೊಲಕ್ಕೇ ತಂದು ಮಣ್ಣು ಮಾಡಿದರು, ಮನೆಗೆ ತರಲಿಲ್ಲ. ಹಾರಿಕಾ ಬಂದಿದ್ದಳು, ಗುಂಡಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಎಲ್ಲರ ಹಿಂದೆ ನಿಂತಿದ್ದಳು. ಅವನು ಕಣ ಹಾಕಿಸಿಕೊಂಡಿದ್ದರೆ ಎರಡನೇ ಬೆರಳು ಬರುತ್ತಿತ್ತೋ ಇಲ್ಲವೋ, ಕೊಟ್ರಮ್ಮ ಆಕೆಯನ್ನು ಕೇಳಲಿಲ್ಲ. ಕೇಳಿದರೆ ಆ ಹುಡುಗಿ ಗೊತ್ತಿಲ್ಲ ಎಂದೇ ಹೇಳುತ್ತಾಳೆ, ಸಮಾಧಾನಕ್ಕೆಂದೂ ಬೇರೆ ಹೇಳುವುದಿಲ್ಲ ಎಂದು ಆಕೆಗೆ ತಿಳಿದಿತ್ತು.

ಆದರೆ ಅವನು ಮನೆಯಿಂದ ಹೊರಟ ಬೆಳಿಗ್ಗೆ ಇದು ಯಾವುದೂ ಯಾರಿಗೂ ಗೊತ್ತಿರಲಿಲ್ಲ. ನವೆಂಬರಿನ ಬಿಸಿಲು ಆಗಷ್ಟೇ ಓಣಿಗೆ ಇಳಿದಿತ್ತು. ಮೌಲಾಲಿ ಗಾಡಿಯನ್ನು ಹೊಸ್ತಿಲಿಗೆ ತಾಗುವಷ್ಟು ಹಿಂದಕ್ಕೆ ತಂದು, ಒಳಗೆ ಹಾಸಿಗೆ ಹಾಸಿ, ದಿಂಬುಗಳನ್ನು ಕೊಟ್ರಮ್ಮ ಹೇಳಿದ ಸಾಲಿನಲ್ಲಿಟ್ಟ. ಸ್ಟೇಷನ್ನಿಗೆ ಹೊತ್ತಾಗುತ್ತಿತ್ತು. ಕುರ್ಚಿಯಲ್ಲಿ ಅವನನ್ನು ಕೂರಿಸಿ ನಾಲ್ವರು ಎತ್ತಿ ಹೊಸ್ತಿಲು ದಾಟಿಸಿದರು. ಅಷ್ಟರಲ್ಲಿ ದೇವನಕೊಂಡದ ಒಬ್ಬ ರೈತ, ಕೈಯಲ್ಲಿ ಗಂಟು ಹಿಡಿದು, ಬೆವರುತ್ತ ಓಣಿಯೊಳಗೆ ಓಡಿ ಬಂದ.

"ಮೊದಲ ಬಿಡಿಸಿದ ಹತ್ತಿ ರೀ! ಬ್ರೋಕರ್ ಪಸಿ ಐತಿ ಅಂತಾನ. ನೀವೊಮ್ಮಿ ಹೇಳ್ರಿ!"

"ಏ, ರೈಲು ತಪ್ಪತೈತಿ," ಎಂದ ಮೌಲಾಲಿ.

"ರೈಲು ದಿನಾ ಬರತೈತಿ, ಇಳಸ್ರಿ ನನ್ನ," ಎಂದ ಮರಿಬಸಪ್ಪ.

ಕುರ್ಚಿಯನ್ನು ಓಣಿಯ ನಡುವೆ ಇಳಿಸಿದರು. ಕೊಟ್ರಮ್ಮ ಗಂಟಿನ ನಡುವಿಗೆ ಕೈ ಹಾಕಿ ಚಿಟಿಕೆ ತೆಗೆದು ಎಳೆದಳು, ಮಡಿಸಿದಳು, ಮತ್ತೆ ಎಳೆದಳು, ಬಿಸಿಲಿಗೆ ಹಿಡಿದಳು. ಆಮೇಲೆ ಅವನ ಹೆಬ್ಬೆರಳಿಗೆ ತಂದಳು. ಅವನು ಕಣ್ಣು ಮುಚ್ಚಿದ.

"ಎಳಿ ಚಲೋ ಐತಿ. ಪಸಿನೂ ಐತಿ. ಬ್ರೋಕರ್ ಸುಳ್ಳು ಹೇಳಿಲ್ಲ."

"ನಾಕು ದಿನ ಒಣಗಿಸೀನ್ರಿ!"

"ಇನ್ನೊಂದು ದಿನ ಒಣಗಸು. ಮಗ್ಗಲಾ ತಿರುವಿ ಒಣಗಸು."

ಅವನನ್ನು ಗಾಡಿಗೆ ಏರಿಸಿದರು. ಕೊಟ್ರಮ್ಮ ಪಕ್ಕದಲ್ಲಿ ಕೂತು ಹಿಮ್ಮಡಿಯ ದಿಂಬು ಸರಿಪಡಿಸಿದಳು. ದಸ್ತಗಿರಮ್ಮ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ರೈತ ಗಾಡಿಯ ಹಿಂದೆಯೇ ನಡೆದು ಬರುತ್ತಿದ್ದ, ಇನ್ನೂ ಒಪ್ಪದೆ.

"ಅಕ್ಕಾರು ಎಳದು ನೋಡ್ಯಾರ, ನೀವ ಎಳದು ನೋಡಿಲ್ಲಲ್ರಿ!"

"ಅದಕ್ಕ ಹೊಂಟೀನಿ ಮಾರಾಯಾ," ಎಂದ ಮರಿಬಸಪ್ಪ ಗಾಡಿಯೊಳಗಿಂದ. "ಬಂದಮ್ಯಾಲ ನಾನ ಎಳೀತೀನಿ. ಅಲ್ಲೀತನ ಆಕಿ ಮಾತು ಕೇಳು."

ಮೌಲಾಲಿ ಹಾರ್ನ್ ಹೊಡೆದ. ಗಾಡಿ ಓಣಿಯ ತುದಿಯಲ್ಲಿ ಹತ್ತಿ ಲಾರಿಯೊಂದಕ್ಕೆ ದಾರಿ ಬಿಟ್ಟು ನಿಂತು, ಆಮೇಲೆ ಸ್ಟೇಷನ್ನಿನ ಕಡೆ ತಿರುಗಿತು.